ಎದೆಗೆ ಅಂಟಿಸಿದ ಕಿವಿ

ಈ ಸಲದ ಅಂಕಣ ಬರೆಯುವ ಮುಂಚೆ ಅವ್ವನ ಒಪ್ಪಿಗೆ ಕೇಳಬೇಕಾಯಿತು. "ನನ್ನ ಹೆಸ್ರು ಹಾಕ್ಬೇಡ. ಮೂಲೆಮನೆ ಅಕ್ಕನ ಹೆಸ್ರಂತೂ ಹಾಕ್ಲೇಬೇಡ. ಮಿಕ್ಕಿದ್ದು ಏನಾದ್ರೂ ಬರ್ಕೊ ಹೋಗು" ಅಂದಳು. ಹಾಗಾಗಿ ಹೆಸರುಗಳಿಲ್ಲ, ಮಿಕ್ಕಿದ್ದೆಲ್ಲ ಇದೆ.

ಹೊಸದಾಗಿ ಓದುತ್ತಿರುವವರಿಗೆ ಒಂದು ಮಾತು. ನಾನು ಬೆಂಗಳೂರಿನ ಒಂದು ಸಣ್ಣ ತಂಡದಲ್ಲಿ ಸಾಫ್ಟ್‌ವೇರ್ ಎಂಜಿನಿಯರ್. ನಾವು ಮಾಡುತ್ತಿರೋದು ಮೈಗೆ ಅಂಟಿಸಿಕೊಳ್ಳುವ ಒಂದು ಸೆನ್ಸರ್. ನೋಡೋಕೆ ಚೌಕದ ಬಿಸ್ಕತ್ತಿನ ಹಾಗಿದೆ. ಒಳಗೆ ಚರ್ಮಕ್ಕೆ ಆತುಕೊಂಡ ಒಂದು ಮೈಕ್, ಎದೆ ಏರಿಳಿಯುವುದನ್ನು ಅಳೆಯುವ ಒಂದು ಚಿಪ್, ಬ್ಯಾಟರಿ, ಬ್ಲೂಟೂತ್, ಅಷ್ಟೇ. ರಾತ್ರಿಯೆಲ್ಲ ಉಸಿರಾಟದ ಸದ್ದು ಕೇಳಿಸಿಕೊಂಡು, ಉಬ್ಬಸದವರ ಎದೆಯಲ್ಲಿ ಬರುವ ಆ 'ಸುಯ್' ಎಷ್ಟು ಸಲ ಬಂತು ಅಂತ ಎಣಿಸಿ ಫೋನಿಗೆ ಕಳಿಸುತ್ತೆ. ಅದು ಹೇಳೋದು ಎಷ್ಟು ನಿಜ ಅಂತ ಪರೀಕ್ಷೆ ಮಾಡುವ ಕೋಡ್ ನನ್ನದು. ಜೊತೆಗೆ ಆಪ್‌ನ ಮೊದಲ ಪರದೆಯೂ ನನ್ನದೇ. ಎಣಿಕೆ ಕಡಿಮೆ ಇದ್ದರೆ ಹಸಿರು, ನಡುವೆ ಹಳದಿ, ಜಾಸ್ತಿಯಾದರೆ ಕೆಂಪು. ಈ ಮೂರು ಸಾಲಿನ ಲಾಜಿಕ್ ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತೆ.

ಎದೆಗೆ ಕಿವಿಗೊಟ್ಟು ರೋಗ ಹಿಡಿಯುವುದು ಹೊಸ ವಿದ್ಯೆಯೇನಲ್ಲ. 1816ರಲ್ಲಿ ಪ್ಯಾರಿಸ್‌ನ ನೆಕ್ಕರ್ ಆಸ್ಪತ್ರೆಯಲ್ಲಿ ರೆನೆ ಲೆನೆಕ್ ಅನ್ನುವ ಡಾಕ್ಟರ್, ಯುವತಿಯೊಬ್ಬಳ ಎದೆಗೆ ನೇರವಾಗಿ ಕಿವಿ ಇಡೋಕೆ ಸಂಕೋಚವಾಗಿ, ಕಾಗದ ಸುರುಳಿ ಸುತ್ತಿ ಒಂದು ತುದಿ ಅವಳ ಎದೆಗೆ, ಇನ್ನೊಂದು ತನ್ನ ಕಿವಿಗೆ ಇಟ್ಟುಕೊಂಡ. ಸ್ಟೆತೊಸ್ಕೋಪ್ ಹುಟ್ಟಿದ್ದು ಹಾಗೆ. ಮೂರು ವರ್ಷದ ಮೇಲೆ ಅವನು ಬರೆದ ಪುಸ್ತಕದಿಂದಲೇ ಡಾಕ್ಟರುಗಳು ಎದೆಯ ಸದ್ದುಗಳಿಗೆ ಹೆಸರಿಡೋಕೆ ಶುರು ಮಾಡಿದ್ದು. ನಮಗೆ ಬೇಕಾದವು ಎರಡು. ಒಂದು 'ವ್ಹೀಜ್', ಅಂದರೆ ನಮ್ಮ ಸುಯ್. ಕಿರಿದಾದ ಉಸಿರುನಾಳದಲ್ಲಿ ಗಾಳಿ ನುಗ್ಗುವಾಗ ಬರುವ, ಸಂಗೀತದ ಸ್ವರದಂಥ ಸದ್ದು, 80 ಮಿಲಿಸೆಕೆಂಡಿಗಿಂತ ಉದ್ದ. ಇನ್ನೊಂದು 'ಕ್ರ್ಯಾಕಲ್', ಒಗ್ಗರಣೆಗೆ ಹಾಕಿದ ಸಾಸಿವೆ ಸಿಡಿದ ಹಾಗೆ ಚಟಪಟ, ಒಂದೊಂದೂ 20 ಮಿಲಿಸೆಕೆಂಡಿಗಿಂತ ಕಡಿಮೆ. ಮುಚ್ಚಿಕೊಂಡ ಸಣ್ಣ ನಾಳಗಳು ತಟ್ಟನೆ ತೆರೆದುಕೊಳ್ಳುವ ಸದ್ದು.

ಕಂಪ್ಯೂಟರಿಗೆ ಇದನ್ನು ಕಲಿಸೋಕೆ ರೆಕಾರ್ಡಿಂಗ್ ಬೇಕು. ಜಗತ್ತಿನಲ್ಲಿ ಈ ಕೆಲಸ ಮಾಡುವವರು ಹೆಚ್ಚಾಗಿ ಬಳಸುವುದು 2017ರಲ್ಲಿ ಬಿಡುಗಡೆಯಾದ ಒಂದು ಸಂಗ್ರಹವನ್ನು, ಐಸಿಬಿಎಚ್‌ಐ ಅಂತ. ಪೋರ್ಚುಗಲ್ ಮತ್ತು ಗ್ರೀಸ್‌ನ ತಂಡಗಳು 126 ಜನರ ಎದೆಯಿಂದ 920 ರೆಕಾರ್ಡಿಂಗ್ ಮಾಡಿ, ಅದರಲ್ಲಿ 6898 ಉಸಿರುಗಳನ್ನು ಒಂದೊಂದಾಗಿ ಗುರುತು ಹಾಕಿವೆ. ನಾನು ಕೆಲಸಕ್ಕೆ ಸೇರಿದ ಮೊದಲ ವಾರ ಈ ಅಂಕಿಗಳನ್ನು ನೋಡಿ ಒಂದು ತಮಾಷೆ ಮಾಡಿದ್ದೆ. ಆ 6898ರಲ್ಲಿ 3642 ಉಸಿರು ಯಾವ ತೊಂದರೆಯೂ ಇಲ್ಲದವು. ಅಂದರೆ ಏನನ್ನೂ ಕೇಳಿಸಿಕೊಳ್ಳದೆ, ಎಲ್ಲದಕ್ಕೂ "ನಾರ್ಮಲ್, ನಾರ್ಮಲ್" ಅನ್ನುವ ಒಂದು ಸಾಲಿನ ಪ್ರೋಗ್ರಾಮ್ ಬರೆದರೂ ನೂರಕ್ಕೆ ಸುಮಾರು 53 ಸಲ ಸರಿ ಹೇಳುತ್ತೆ! ನಮ್ಮೂರ ಕಡೆ ಇಂಥ ಡಾಕ್ಟರುಗಳು ಒಬ್ಬಿಬ್ಬರು ಇದ್ದರು ಅನ್ನೋದು ಬೇರೆ ಮಾತು.

ಇನ್ನೊಂದು ಬಲೆ ಇದಕ್ಕಿಂತ ಸೂಕ್ಷ್ಮ. ಒಬ್ಬನೇ ರೋಗಿಯ ಅರ್ಧ ಉಸಿರುಗಳನ್ನು ಕಲಿಸೋಕೆ, ಮಿಕ್ಕರ್ಧವನ್ನು ಪರೀಕ್ಷೆಗೆ ಇಟ್ಟರೆ ಯಂತ್ರ ರೋಗವನ್ನು ಕಲಿಯಲ್ಲ, ಆ ಮನುಷ್ಯನನ್ನು ಕಲಿತುಬಿಡುತ್ತೆ. ಪ್ರಶ್ನೆಪತ್ರಿಕೆ ಮೊದಲೇ ಸಿಕ್ಕ ಹುಡುಗನ ಮಾರ್ಕ್ಸ್‌ನಂತೆ ಅಂಕಿಗಳು ಜಿಗಿಯುತ್ತವೆ. ಆ ಸಂಗ್ರಹದಲ್ಲಿ ನಾಲ್ಕು ಬಗೆಯ ಉಪಕರಣಗಳಿಂದ ಮಾಡಿದ ರೆಕಾರ್ಡಿಂಗ್ ಬೇರೆ ಬೆರೆತಿದೆ. ಆದ್ದರಿಂದ ಯಂತ್ರ ಉಬ್ಬಸದ ಬದಲು ಮೈಕನ್ನು ಗುರುತಿಸೋಕೆ ಕಲಿತರೂ ಆಶ್ಚರ್ಯವಿಲ್ಲ. ಇದೆಲ್ಲ ನಮ್ಮ ತಂಡಕ್ಕೆ ಗೊತ್ತಿತ್ತು, ಎಲ್ಲ ಎಚ್ಚರಿಕೆ ತಗೊಂಡಿದ್ದೆವು. ಆಫೀಸಿನ ಸದ್ದಿಲ್ಲದ ಕೋಣೆಯಲ್ಲಿ ನಮ್ಮ ಸೆನ್ಸರ್ ಚೆನ್ನಾಗೇ ಕೆಲಸ ಮಾಡುತ್ತಿತ್ತು.

ಆಫೀಸಿನ ಆ ಕೋಣೆಯಲ್ಲಿ ಯಾರೂ ವಾಸ ಮಾಡಲ್ಲ ಅನ್ನೋದೇ ತೊಂದರೆ. ನಿಜವಾದ ಮನೆಯಲ್ಲಿ ಪರೀಕ್ಷೆ ಆಗಬೇಕು ಅಂತ ಮೀಟಿಂಗ್‌ನಲ್ಲಿ ಮಾತು ಬಂದಾಗ ನಾನೇ ಕೈ ಎತ್ತಿದೆ. ತಿಪಟೂರು ಮತ್ತು ತುರುವೇಕೆರೆ ನಡುವಿನ ಊರು ನಮ್ಮದು. ಮನೆ ಪಕ್ಕದಲ್ಲೇ ಕೊಬ್ಬರಿ ಅಟ್ಟ, ಹಿತ್ತಲಲ್ಲಿ ಕಾಯಿಮಟ್ಟೆಯ ರಾಶಿ, ಅವ್ವನಿಗೆ ಎಂಟು ವರ್ಷದಿಂದ ಉಬ್ಬಸ. ಇದಕ್ಕಿಂತ ಒಳ್ಳೆ ಪ್ರಯೋಗಶಾಲೆ ಎಲ್ಲಿ ಸಿಗಬೇಕು? ಒಪ್ಪಿಗೆಯ ಫಾರಂ ಪ್ರಿಂಟ್ ಹಾಕಿಸಿಕೊಂಡು, ಸಂಕ್ರಾಂತಿಗೆ ರಜೆ ಸೇರಿಸಿಕೊಂಡು, ಬ್ಯಾಗಲ್ಲಿ ಮೂರು ಸೆನ್ಸರ್ ಇಟ್ಟುಕೊಂಡು ಯಶವಂತಪುರದಲ್ಲಿ ರೈಲು ಹತ್ತಿದೆ.

"ಏನ್ಲಾ ಅದು, ಬೆನ್ನು ನೋವಿನ ಪಟ್ಟಿನಾ?" ಅಂದಳು ಅವ್ವ.

"ಅಲ್ಲವ್ವ, ಇದು ಕಿವಿ ಇದ್ದಂಗೆ. ನಿನ್ನ ಉಸಿರು ಕೇಳ್ಸ್ಕೊಳ್ಳುತ್ತೆ."

"ನನ್ನ ಉಸ್ರು ಕೇಳ್ಸ್ಕೊಂಡು ಏನ್ ಮಾಡುತ್ತೆ, ಪಾಪ" ಅಂತ ಸಹಿ ಹಾಕಿದಳು.

ಮೊದಲ ರಾತ್ರಿ ಶುಕ್ರವಾರ. ಬೆಳಿಗ್ಗೆ ಎದ್ದು ಫೋನ್ ನೋಡಿದರೆ ಕಡುಕೆಂಪು. ಎದೆ ಧಸಕ್ಕೆಂದಿತು. ಗ್ರಾಫ್ ತೆಗೆದು ನೋಡಿದರೆ ಸುಯ್‌ಗಳಲ್ಲಿ ಹೆಚ್ಚಿನವು ಐದು ಗಂಟೆಯಿಂದ ಐದೂಮುಕ್ಕಾಲರೊಳಗೆ ಬಂದಿದ್ದವು. ಧನುರ್ಮಾಸ! ದೇವಸ್ಥಾನದ ಮೈಕಿನಲ್ಲಿ ನಾದಸ್ವರದ ಕ್ಯಾಸೆಟ್ ಹಾಕುವ ಹೊತ್ತು. ಸಂಗೀತದ ಸ್ವರ, 80 ಮಿಲಿಸೆಕೆಂಡಿಗಿಂತ ಉದ್ದ. ನಮ್ಮ ಯಂತ್ರ ಓಲಗವನ್ನು ಉಬ್ಬಸ ಅಂತ ಎಣಿಸಿತ್ತು. ಹೊರಗಿನ ಸದ್ದು ಬೇರ್ಪಡಿಸೋಕೆ ದಾರಿಯೇ ಇಲ್ಲ ಅಂತಲ್ಲ. ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಜಾನ್ ರೋಜರ್ಸ್ ತಂಡ 2023ರಲ್ಲಿ ಪ್ರಕಟಿಸಿದ ಸಾಧನದಲ್ಲಿ ಒಂದು ಮೈಕ್ ಮೈಯ ಕಡೆಗೆ, ಇನ್ನೊಂದು ಹೊರಗಿನ ಕಡೆಗೆ ಮುಖ ಮಾಡಿರುತ್ತೆ. ಹೊರಗಿನದು ಕೇಳಿಸಿಕೊಂಡದ್ದನ್ನು ಒಳಗಿನದರಿಂದ ಕಳೆಯುತ್ತಾರೆ. ನಮ್ಮದರಲ್ಲಿ ಖರ್ಚು ಉಳಿಸೋಕೆ ಒಂದೇ ಮೈಕ್.

ಉಳಿದ ಹೊತ್ತಿನಲ್ಲಿ ಕ್ರ್ಯಾಕಲ್‌ಗಳ ಸುರಿಮಳೆ. ಅದರ ಕಾರಣ ಹುಡುಕೋಕೆ ಒಂದು ಗಂಟೆ ಹಿಡಿಯಿತು. ಅವ್ವ ಮಗ್ಗುಲು ಬದಲಿಸಿದಾಗೆಲ್ಲ ತಾಳಿ ಸರ ಸೆನ್ಸರಿಗೆ ಬಡಿದು ಚಿಟ್, ಚಿಟ್ ಅನ್ನುತ್ತಿತ್ತು. ಪೋರ್ಚುಗಲ್‌ನ ರೋಗಿಗಳ ಎದೆ ಮೇಲೆ ಗುಂಡು, ತಾಳಿ, ಹವಳ ಇರಲಿಲ್ಲವಲ್ಲ. "ಸರ ತೆಗೆದಿಡು" ಅನ್ನುವ ಧೈರ್ಯ ನನಗಿಲ್ಲ. ಎರಡನೇ ರಾತ್ರಿ ಸೆನ್ಸರನ್ನು ಬೆನ್ನಿಗೆ, ರೆಕ್ಕೆಮೂಳೆಯ ಕೆಳಗೆ ಅಂಟಿಸಿದೆ. ಚಟಪಟ ನಿಂತಿತು.

ಇಲ್ಲಿ ಒಂದು ಸಣ್ಣ ಲೆಕ್ಕ. ನಿಮ್ಮ ವಾಚೋ ಉಂಗುರವೋ ರಾತ್ರಿಯೆಲ್ಲ ಏನನ್ನೋ ಅಳೆಯುತ್ತಿದ್ದರೆ ನಿಮಗೂ ಬೇಕಾಗಬಹುದು. ದೊಡ್ಡವರು ನಿಮಿಷಕ್ಕೆ ಸುಮಾರು 15 ಸಲ ಉಸಿರಾಡುತ್ತಾರೆ. 8 ಗಂಟೆ ನಿದ್ದೆಗೆ 7200 ಉಸಿರು. ಸಾಧನ ನೂರಕ್ಕೆ ಒಂದೇ ಒಂದು ಸಲ ತಪ್ಪಿದರೂ ಪೂರ್ತಿ ಆರೋಗ್ಯವಾಗಿರುವವನ ಎದೆಯಲ್ಲಿ ಒಂದು ರಾತ್ರಿಗೆ 72 ಸುಳ್ಳು ಸುಯ್ ಸಿಗುತ್ತವೆ. "99% ನಿಖರ" ಅಂತ ಡಬ್ಬಿ ಮೇಲೆ ಬರೆದಿದ್ದರೆ ಅದರ ಅರ್ಥ ಇಷ್ಟು.

ಶನಿವಾರ ಸಂಜೆ ಅಟ್ಟದ ಹತ್ತಿರ ಕೂತು ಲ್ಯಾಪ್‌ಟಾಪ್‌ನಲ್ಲಿ ಇದನ್ನೇ ತಿಣುಕುತ್ತಿದ್ದೆ. ಅಪ್ಪ ಅಟ್ಟದಿಂದ ಕಾಯಿ ಇಳಿಸುತ್ತಿದ್ದರು. ನಮ್ಮ ಕಡೆಯ ಉಂಡೆ ಕೊಬ್ಬರಿ ಗೊತ್ತಲ್ಲ, ಬಲಿತ ಕಾಯನ್ನು ಮಟ್ಟೆ ಸಮೇತ ಹತ್ತು ಹನ್ನೊಂದು ತಿಂಗಳು ಅಟ್ಟದಲ್ಲಿಡ್ತಾರೆ. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡು, ಅಲ್ಲಾಡಿಸಿದರೆ ಲೊಟಲೊಟ ಅನ್ನಬೇಕು. ಅಪ್ಪ ಒಂದೊಂದೇ ಕಾಯಿ ಎತ್ತಿ ಕಿವಿ ಹತ್ತಿರ ಅಲ್ಲಾಡಿಸಿ ಎರಡು ರಾಶಿ ಮಾಡುತ್ತಿದ್ದರು. ನನಗೆ ಆಸ್ಟ್ರಿಯಾದ ಔಯೆನ್‌ಬ್ರುಗರ್ ನೆನಪಾದ. 1761ರಲ್ಲೇ, ಲೆನೆಕ್‌ಗಿಂತ 55 ವರ್ಷ ಮುಂಚೆ, ಎದೆ ತಟ್ಟಿ ಸದ್ದು ಕೇಳುವ ವಿಧಾನ ಬರೆದ ಡಾಕ್ಟರ್. ಅವನ ಅಪ್ಪ ಖಾನಾವಳಿ ನಡೆಸುತ್ತಿದ್ದನಂತೆ, ಪೀಪಾಯಿ ತಟ್ಟಿ ಒಳಗೆ ಎಷ್ಟು ವೈನ್ ಉಳಿದಿದೆ ಅಂತ ಹೇಳುತ್ತಿದ್ದನಂತೆ. ಮಗ ಅದನ್ನೇ ಎದೆಗೆ ತಂದ ಅಂತ ಕತೆ.

"ಎಲ್ಲಾನೂ ಯಾಕಪ್ಪ ಅಲ್ಲಾಡುಸ್ತೀಯ? ಹತ್ತು ನೋಡಿದ್ರೆ ಸಾಲ್ದಾ?" ಅಂದೆ.

"ಮೇಗ್ಳುವೇ ಹತ್ತು ನೋಡಿದ್ರೆ ಎಲ್ಲಾ ಒಣಗಿರ್ತಾವೆ ಕಣ್ಲಾ. ಮೂಲೆದು, ತಳದ್ದು, ಸೂರು ಸೋರೋ ಕಡೆದು ನೋಡ್ಬೇಕು. ಕೆಡೋದು ಅಲ್ಲೇಯ."

ಅಪ್ಪ ಏಳನೇ ಕ್ಲಾಸು. ಸ್ಯಾಂಪ್ಲಿಂಗ್ ಬಗ್ಗೆ ನಮ್ಮ ಟೀಮಿನ ಇಪ್ಪತ್ತು ಸ್ಲೈಡು ಹೇಳಿದ್ದೂ ಇದನ್ನೇ, ಇಷ್ಟು ಚೆನ್ನಾಗಿ ಅಲ್ಲ. ಐಐಎಸ್‌ಸಿಯವರ 'ಕೋಸ್ವರ' ಯೋಜನೆ ನನಗೆ ಹಿಡಿಸೋದೂ ಇದೇ ಕಾರಣಕ್ಕೆ. 2020ರ ಕೊರೋನಾ ಕಾಲದಲ್ಲಿ ಶುರುವಾಗಿ, ಎರಡು ವರ್ಷದಲ್ಲಿ 2635 ಜನರ ಉಸಿರು, ಕೆಮ್ಮು, ಮಾತಿನ ಸದ್ದನ್ನು ಅದು ಕೂಡಿಸಿತು. ಎಲ್ಲ ಅವರವರ ಫೋನಲ್ಲಿ, ಅವರವರು ಇದ್ದ ಕಡೆಯಿಂದ. ಆಮೇಲೆ ಮನುಷ್ಯರೇ ಕೂತು ಕೇಳಿ ರೆಕಾರ್ಡಿಂಗ್ ಗುಣಮಟ್ಟಕ್ಕೆ ಗುರುತು ಹಾಕಿದರು. ಬೇಸರದ ಕೆಲಸ, ಆದರೆ ತಳದ ಕಾಯಿ ನೋಡುವ ಕೆಲಸ.

ಭಾನುವಾರ ಮನೆಯಲ್ಲಿ ಕಾಯಿ ಸುಲಿಸಿದರು. ಮೂವರು ಆಳುಗಳು, ನೆಲಕ್ಕೆ ನೆಟ್ಟ ಹಾರೆಗೆ ಹೊಡೆದು ಸುಲಿದ ಹಾಗೆಲ್ಲ ಒಣಮಟ್ಟೆಯ ಕಂದು ಪುಡಿ ಬಿಸಿಲಲ್ಲಿ ಹೊಗೆಯ ಹಾಗೆ ಏಳುತ್ತಿತ್ತು. ಅವ್ವ ಅವರಿಗೆ ಅಡುಗೆ ಮಾಡಿ, ಮಟ್ಟೆ ಬಳಿದು, ಸಂಜೆ ಹಬ್ಬದ ಸ್ನಾನಕ್ಕೆ ಹಂಡೆಗೆ ಉರಿ ಹಾಕಿದಳು. ನಮ್ಮನೆಗೆ ಗ್ಯಾಸ್ ಬಂದು ಹತ್ತು ವರ್ಷದ ಮೇಲಾಯಿತು, ಆದರೆ ಬಚ್ಚಲ ಹಂಡೆಗೆ ಇನ್ನೂ ಮಟ್ಟೆ, ಚಿಪ್ಪು, ಗರಿಯೇ. "ಬಿಟ್ಟಿ ಬಿದ್ದಿರೋವಾಗ ಕರೆಂಟ್ ಯಾಕೆ ಸುಡ್ಬೇಕು" ಅನ್ನೋದು ವಾದ. ಈ ಮೂರೂ ತಾಲ್ಲೂಕಿನಲ್ಲಿ, ತಿಪಟೂರಿರಲಿ, ಚಿಕ್ಕನಾಯಕನಹಳ್ಳಿಯಿರಲಿ, ಯಾವ ಮನೆಗೆ ಹೋದರೂ ಇದೇ ವಾದ ಕೇಳುತ್ತೀರಿ.

ಈ ಹೊಗೆಗೆ ಒಂದು ಲೆಕ್ಕ ಇದೆ. ದಿನಕ್ಕೆ ಎಷ್ಟು ಗಂಟೆ ಸೌದೆ ಒಲೆ ಮುಂದೆ ಕೂರುತ್ತೀರಿ ಅನ್ನೋದನ್ನು ಎಷ್ಟು ವರ್ಷ ಕೂತಿದ್ದೀರಿ ಅನ್ನೋದರಿಂದ ಗುಣಿಸಬೇಕು. ಮೈಸೂರಿನ ಪಿ.ಎ. ಮಹೇಶ್ ಮತ್ತವರ ಸಂಗಡಿಗರು ಮೈಸೂರು ಜಿಲ್ಲೆಯ ಹಳ್ಳಿ ಹೆಂಗಸರನ್ನು ಅಧ್ಯಯನ ಮಾಡಿ, ಈ ಗುಣಲಬ್ಧ 60 ದಾಟಿದರೆ ದೀರ್ಘಕಾಲದ ಬ್ರಾಂಕೈಟಿಸ್ ಅಪಾಯ ಜಾಸ್ತಿಯಾಗುತ್ತೆ ಅಂತ 2013ರಲ್ಲಿ ಪ್ರಕಟಿಸಿದರು. ಅವ್ವ ಮದುವೆಯಾಗಿ ಬಂದಮೇಲೆ ಗ್ಯಾಸ್ ಬರುವ ತನಕ 22 ವರ್ಷ, ದಿನಕ್ಕೆ ಕಮ್ಮಿ ಅಂದರೂ 4 ಗಂಟೆ ಒಲೆ ಮುಂದೆ ಇದ್ದಳು. 88. ಬೀಡಿ ಸೇದುವವರಿಗೆ ಮಾತ್ರ ಬರೋ ಕಾಯಿಲೆ ಅಂತ ಎಷ್ಟು ವರ್ಷ ನಂಬಿದ್ದೆವು!

ಆ ರಾತ್ರಿಯ ಫಲಿತಾಂಶ ಸೋಮವಾರ ಬೆಳಿಗ್ಗೆ ನೋಡಿದೆ. ಹಸಿರು. ಓಲಗದ ಹೊತ್ತನ್ನು ಕೈಯಾರೆ ಕತ್ತರಿಸಿ ಹಾಕಿದ ಮೇಲೆ, ಮಧ್ಯರಾತ್ರಿಯ ನಂತರ ಸುಯ್ ಎಣಿಕೆ ಇಳಿಯುತ್ತಾ ಹೋಗಿ ಬೆಳಗಿನ ಜಾವಕ್ಕೆ ಹತ್ತಿರ ಹತ್ತಿರ ಸೊನ್ನೆ. ನನ್ನ ಖುಷಿ ನೋಡಬೇಕಿತ್ತು. ಒಳಗೆ ಹೋಗಿ ಅವ್ವನಿಗೆ ಫೋನ್ ತೋರಿಸಿದೆ. "ನೋಡವ್ವ, ನಿನ್ನ ದಮ್ಮು ಎಷ್ಟು ಕಮ್ಮಿಯಾಗೈತೆ!" ಅವ್ವ ಪರದೆ ನೋಡಿ, "ಹೂಂ ಕಣಪ್ಪ" ಅಂದಳು. ಎರಡೇ ಮಾತು. ನನಗೆ ಹೊಳೆಯಲಿಲ್ಲ.

ರೆಕಾರ್ಡಿಂಗ್ ಗುಣಮಟ್ಟ ಪರೀಕ್ಷಿಸೋಕೆ ಅಲ್ಲಲ್ಲಿ ಒಂದೊಂದು ನಿಮಿಷ ಕೇಳೋದು ಪದ್ಧತಿ. ಇಯರ್‌ಫೋನ್ ಹಾಕಿಕೊಂಡು ಜಗಲಿ ಮೇಲೆ ಕೂತೆ. ಅವ್ವ ಬೆಳಿಗ್ಗೆ ಎದ್ದಮೇಲೂ ಸೆನ್ಸರ್ ಬೆನ್ನಲ್ಲೇ ಇತ್ತು, ಅದು ಕೇಳಿಸಿಕೊಳ್ಳುತ್ತಲೇ ಇತ್ತು. ಮೂಲೆಮನೆ ಅಕ್ಕ ಹಾಲು ಕೊಡೋಕೆ ಬಂದ ಹೊತ್ತು. ಚರ್ಮಕ್ಕೆ ಅಂಟಿದ ಮೈಕ್‌ನಲ್ಲಿ ಎದುರಿನವರ ಮಾತು ಗೊಣಗೊಣ ಅಂತಷ್ಟೇ ಕೇಳುತ್ತೆ, ಹಾಕಿಕೊಂಡವರ ಮಾತು ಮಾತ್ರ ಎದೆಯೊಳಗಿಂದಲೇ ಬಂದ ಹಾಗೆ ದಪ್ಪಗೆ, ಸ್ಪಷ್ಟವಾಗಿ.

"...ಮಲ್ಗಕ್ಕೇ ಆಗಲ್ಲ ಕಣೆ. ಎರಡು ಗಂಟೆಯಿಂದ ಗ್ವಾಡೆಗೆ ಒರಗ್ಕೊಂಡು ಕುಂತಿದ್ದೆ... ಇಲ್ಲ, ಹೇಳಿಲ್ಲ... ಹಬ್ಬಕ್ಕೆ ಬಂದೈತೆ ಮಗ, ಯಾಕೆ ಗಾಬ್ರಿ ಮಾಡಾದು. ಅದ್ಯಾವ್ದೋ ಪಟ್ಟಿ ಬ್ಯಾರೆ ಅಂಟ್ಸೈತೆ, ಎಲ್ಲಾ ಸರ್ಯಾಗೈತೆ ಅಂತ ಬತ್ತದೆ ಅಂತಾನೆ, ಇರ್ಲಿ..."

ಇಯರ್‌ಫೋನ್ ಕಿತ್ತೆ. ಮತ್ತೆ ಹಾಕಿಕೊಂಡೆ. ಮಧ್ಯರಾತ್ರಿ ಎರಡೂವರೆಯ ಭಾಗಕ್ಕೆ ಹೋಗಿ ಕೇಳಿದೆ. ಸುಯ್ ಇಲ್ಲ, ನಿಜ. ಆದರೆ ಬೇರೆ ಏನೂ ಇಲ್ಲ. ಗಾಳಿ ಒಳಗೆ ಹೋಗುವ ಆ ಮೆತ್ತನೆಯ ಸರ್ ಅನ್ನುವ ಸದ್ದೇ ಇಲ್ಲದಷ್ಟು ಕಮ್ಮಿ. ಆಪ್‌ನ ಎರಡನೇ ಪರದೆಗೆ ಹೋದೆ. ಅಲ್ಲಿ ಯಾರೂ ಹೋಗಲ್ಲ, ನಾನೇ ಅಲ್ಲಿ ಬಚ್ಚಿಟ್ಟ ಅಂಕಿ ಅದು, ಉಸಿರಿನ ವೇಗ. ನಿಮಿಷಕ್ಕೆ 27. ಆರಾಮಾಗಿರುವ ದೊಡ್ಡವರಿಗೆ 12ರಿಂದ 20 ಇರಬೇಕು.

ಅಪ್ಪನ ಬೈಕು ಬೇಡ ಅಂತ ಪಕ್ಕದ ಊರಿನ ಕಾರು ಕರೆಸಿ ತಿಪಟೂರಿಗೆ ಹೋದೆವು. ದಾರಿಯುದ್ದಕ್ಕೂ ಅವ್ವ, "ಹಬ್ಬದಡುಗೆ ಯಾರು ಮಾಡ್ತಾರೆ" ಅನ್ನುತ್ತಲೇ ಇದ್ದಳು, ನಾಲ್ಕು ಪದಕ್ಕೆ ಒಂದು ಸಲ ನಿಲ್ಲಿಸಿ ಉಸಿರೆಳೆದುಕೊಂಡು. ಆ ನಿಲ್ಲಿಸೋದನ್ನು ನಾನು ಮೂರು ದಿನದಿಂದ ಕೇಳುತ್ತಿದ್ದೆ, ಕೇಳಿಸಿಕೊಂಡಿರಲಿಲ್ಲ.

ಡಾಕ್ಟರ್ ಅವ್ವನ ಬೆರಳಿಗೆ ಕ್ಲಿಪ್ ಹಾಕಿದರು, 92. ಬೆನ್ನಿಗೆ ಸ್ಟೆತೊಸ್ಕೋಪ್ ಇಟ್ಟು ಎರಡೂ ಕಡೆ ನಿಧಾನವಾಗಿ ಕೇಳಿದರು. ಪೀಕ್ ಫ್ಲೋ ಮೀಟರ್ ಕೊಟ್ಟು ಊದಿಸಿದರು. ಅವ್ವನ ವಯಸ್ಸಿಗೆ, ಎತ್ತರಕ್ಕೆ ಬರಬೇಕಾದ್ದರಲ್ಲಿ ಅರ್ಧ ದಾಟಲು ಕಷ್ಟಪಟ್ಟಿತು. ತಕ್ಷಣ ನೆಬ್ಯುಲೈಸರ್ ಹಾಕಿದರು. ಆಮೇಲೆ ನಾನು ಫೋನ್ ತೆಗೆದು ಹಸಿರು ಪರದೆ ತೋರಿಸಿ, ಸುಯ್ ಕಮ್ಮಿಯಾಗಿತ್ತಲ್ಲ ಮೇಡಂ ಅಂದೆ. ಅವರಿಗೆ ನಗು ಬರಲಿಲ್ಲ.

"ಸುಯ್ ಅನ್ನೋಕೂ ಗಾಳಿ ಬೇಕಲ್ಲಪ್ಪ. ಕೊಳಲಿಗೆ ಊದೋ ಗಾಳಿನೇ ಇಲ್ಲ ಅಂದ್ರೆ ಸ್ವರ ಎಲ್ಲಿಂದ ಬರ್ಬೇಕು? ಉಬ್ಬಸ ಜೋರಾಗ್ತಾ ಹೋದಂಗೆ ಮೊದ್ಲು ಸುಯ್ ಜಾಸ್ತಿಯಾಗುತ್ತೆ, ಆಮೇಲೆ ಕಮ್ಮಿಯಾಗುತ್ತೆ. ಕೊನೆಗೆ ಎದೆ ಪೂರ್ತಿ ಸುಮ್ನಾಗಿಬಿಡುತ್ತೆ. ನಾವು ಹೆದ್ರೋದೇ ಆ ಸುಮ್ನಾಗಿರೋ ಎದೆಗೆ. ನಿಮ್ಮ ತಾಯಿ ಅಲ್ಲಿ ತನಕ ಹೋಗಿರ್ಲಿಲ್ಲ. ಆ ದಾರೀಲಿ ಇದ್ರು."

ವೈದ್ಯ ಪುಸ್ತಕಗಳಲ್ಲಿ ಇದಕ್ಕೆ 'ಸೈಲೆಂಟ್ ಚೆಸ್ಟ್' ಅಂತಲೇ ಹೆಸರು. ಎಂಬಿಬಿಎಸ್ ಓದುವವರಿಗೆಲ್ಲ ಗೊತ್ತಿರುವ ವಿಷಯ. ನಮ್ಮ ಪರೀಕ್ಷೆಯ ಪಟ್ಟಿಯಲ್ಲಿ ಎಂಬತ್ತಕ್ಕೂ ಹೆಚ್ಚು ಅಂಶ ಇದ್ದವು, ಬೆವರಿಗೆ ಅಂಟು ಬಿಡುತ್ತಾ ಅನ್ನೋದರಿಂದ ಹಿಡಿದು ಬ್ಯಾಟರಿ ಬಿಸಿಯಾಗುತ್ತಾ ಅನ್ನುವ ತನಕ. ಸುಯ್ ಇದ್ದಾಗ ಸಾಧನ ಹಿಡಿಯುತ್ತಾ ಅಂತ ನೋಡಿದ್ದೆವು, ಇಲ್ಲದಾಗ ಸುಳ್ಳು ಹೇಳುತ್ತಾ ಅಂತಲೂ ನೋಡಿದ್ದೆವು. ಸುಯ್ ನಿಂತದ್ದು ಯಾಕೆ ಅಂತ ಕೇಳುವ ಸಾಲು ಆ ಪಟ್ಟಿಯಲ್ಲಿ ಇರಲಿಲ್ಲ. ಯಂತ್ರ ಅವತ್ತು ತಪ್ಪು ಎಣಿಸಿರಲಿಲ್ಲ ಅನ್ನೋದು ನನ್ನನ್ನು ಇನ್ನೂ ಚುಚ್ಚುತ್ತೆ. ಎಣಿಕೆ ಸರಿಯಾಗೇ ಇತ್ತು. ಹಸಿರು ಬಣ್ಣ ನನ್ನದು.

ಬೆರಳಿನ ಕ್ಲಿಪ್ಪಿನ ವಿಷಯಕ್ಕೆ ಒಂದು ಮಾತು, ಕೊರೋನಾ ಕಾಲದಲ್ಲಿ ನಾವೆಲ್ಲ ಕೊಂಡು ಮನೆಯಲ್ಲಿಟ್ಟುಕೊಂಡಿದ್ದೇವಲ್ಲ. 2020ರ ಡಿಸೆಂಬರಿನಲ್ಲಿ ಅಮೆರಿಕದ ಮಿಷಿಗನ್‌ನ ವೈದ್ಯರು ಪ್ರಕಟಿಸಿದ ಪ್ರಕಾರ, ರಕ್ತದಲ್ಲಿ ಆಮ್ಲಜನಕ ಇಳಿದಿರುವುದನ್ನು ಆ ಕ್ಲಿಪ್ ಬಿಳಿಯರಿಗಿಂತ ಕಪ್ಪು ವರ್ಣೀಯರಲ್ಲಿ ಸುಮಾರು ಮೂರು ಪಟ್ಟು ಹೆಚ್ಚು ಸಲ ಗುರುತಿಸದೇ ಹೋಗಿತ್ತು. ದಶಕಗಳಿಂದ ಎಲ್ಲ ಆಸ್ಪತ್ರೆಯಲ್ಲೂ ಇರುವ ಸಾಧನ ಅದು. ಯಾರ ಚರ್ಮದ ಮೇಲೆ, ಯಾರ ಮನೆಯಲ್ಲಿ ಪರೀಕ್ಷೆ ಮಾಡಿದ್ದೀರಿ ಅಂತ ಕೇಳಿದರೆ ಕಂಪನಿಯವರಿಗೆ ಸಿಟ್ಟು ಬಂದರೂ ಪರವಾಗಿಲ್ಲ, ಕೇಳಿ.

ಅವ್ವ ಮಧ್ಯಾಹ್ನದ ಹೊತ್ತಿಗೆ ಪೂರ್ತಿ ವಾಕ್ಯ ಮಾತಾಡೋಕೆ ಶುರು ಮಾಡಿದಳು. ಮೊದಲ ವಾಕ್ಯ, "ಎಳ್ಳು ಬೀರಕ್ಕೆ ಹುಡುಗ್ರನ್ನ ಕರೆದಿದ್ದೆ." ಆಮೇಲೆ ಗೊತ್ತಾಗಿದ್ದು, ಡಾಕ್ಟರ್ ದಿನಾ ಎರಡು ಹೊತ್ತು ಎಳೆದುಕೊಳ್ಳಲು ಕೊಟ್ಟಿದ್ದ ಇನ್ಹೇಲರನ್ನು ಅವಳು ಎಂಟು ತಿಂಗಳಿಂದ ಮುಟ್ಟಿರಲಿಲ್ಲ. ತೀರಾ ಆಗದಾಗ ನೀಲಿ ಬಣ್ಣದ್ದು ಮಾತ್ರ ಎಳೆದುಕೊಳ್ಳುತ್ತಿದ್ದಳು. "ಪಂಪು ಚಟ ಆಗೋಯ್ತದೆ ಅಂತ ಎಲ್ರೂ ಅಂತಾರೆ." ಚಟ ಆಗಲ್ಲ ಅಂತ ಡಾಕ್ಟರ್ ಸಮಾಧಾನವಾಗಿ ಹೇಳಿದರು. ನೀಲಿಯದು ಆ ಹೊತ್ತಿಗೆ ನಾಳ ಹಿಗ್ಗಿಸುತ್ತೆ ಅಷ್ಟೇ, ದಿನದ ಪಂಪು ಒಳಗಿನ ಊತ ಇಳಿಸೋದು, ಆರಾಮಾಗಿದ್ದಾಗಲೂ ತಗೋಬೇಕು. ಪಂಪಿಗೆ ಸಿಕ್ಕಿಸುವ ಪ್ಲಾಸ್ಟಿಕ್ ಕೊಳವೆ ಕೊಟ್ಟು, ಹೇಗೆ ಎಳೆದುಕೊಳ್ಳಬೇಕು ಅಂತ ತಮ್ಮೆದುರೇ ಮೂರು ಸಲ ಮಾಡಿಸಿದರು. ನಿಮ್ಮ ಮನೆಯಲ್ಲೂ ಇಂಥವರಿದ್ದರೆ ಒಂದು ಸಲ ನಿಮ್ಮೆದುರು ಎಳೆದುಕೊಳ್ಳಲು ಹೇಳಿ ನೋಡಿ. ಅರ್ಧ ಔಷಧಿ ನಾಲಿಗೆ ಮೇಲೇ ಉಳಿದಿರುತ್ತೆ.

ಬೆಂಗಳೂರಿಗೆ ಬಂದು ವರದಿ ಬರೆದೆ. ಸುಯ್ ಎಣಿಕೆಯನ್ನು ಒಂದೇ ಅಂಕಿಯಾಗಿ ತೋರಿಸಬಾರದು, ಉಸಿರಿನ ವೇಗ ಪಕ್ಕದಲ್ಲೇ ಇರಬೇಕು, ಎಣಿಕೆ ಇಳಿದು ವೇಗ ಏರಿದರೆ ಕೆಂಪು ಬರಬೇಕು. ಇಷ್ಟಕ್ಕೆ ಎಲ್ಲರೂ ಒಪ್ಪಿದರು. ಗಾಳಿ ಹರಿಯುವ ಸದ್ದೇ ಸರಿಯಾಗಿ ಸಿಗದಿದ್ದಾಗ ಪರದೆ ಬೂದುಬಣ್ಣಕ್ಕೆ ತಿರುಗಿ "ಗೊತ್ತಾಗುತ್ತಿಲ್ಲ, ತೊಂದರೆ ಅನ್ನಿಸಿದರೆ ಡಾಕ್ಟರಿಗೆ ತೋರಿಸಿ" ಅನ್ನಬೇಕು ಅಂತಲೂ ಬರೆದಿದ್ದೆ. ಅದಕ್ಕೆ ಜಗಳವಾಯಿತು. ಗೊತ್ತಿಲ್ಲ ಅನ್ನುವ ಸಾಧನಕ್ಕೆ ಯಾರು ದುಡ್ಡು ಕೊಡುತ್ತಾರೆ ಅನ್ನೋದು ಮಾರಾಟದವರ ಪ್ರಶ್ನೆ. ನಿಮ್ಮಮ್ಮನದು ಅಪರೂಪದ ಕೇಸ್ ಅಂದ ಒಬ್ಬ ಗೆಳೆಯ. ತಳದ ಕಾಯಿ ಅಂತ ನಾನಂದೆ, ಅವನಿಗೆ ಅರ್ಥವಾಗಲಿಲ್ಲ. ಬೂದುಬಣ್ಣ ಇನ್ನೂ ತೀರ್ಮಾನವಾಗಿಲ್ಲ.

ಇನ್ನೊಂದರ ಬಗ್ಗೆ ನನಗೇ ತೀರ್ಮಾನವಿಲ್ಲ. ಅವ್ವನ ಮಾತು ನನಗೆ ಕೇಳಿಸಬಾರದಿತ್ತು. ಉಸಿರು ಕೇಳಲು ಸಹಿ ಹಾಕಿದ್ದಳೇ ಹೊರತು ಮೂಲೆಮನೆ ಅಕ್ಕನ ಜೊತೆಗಿನ ಮಾತು ಕೇಳಲು ಅಲ್ಲ. ಆ ಅಕ್ಕನಂತೂ ಯಾವ ಸಹಿಯನ್ನೂ ಹಾಕಿರಲಿಲ್ಲ. ಸದ್ದನ್ನು ಸೆನ್ಸರಿನೊಳಗೇ ಲೆಕ್ಕ ಹಾಕಿ, ಅಂಕಿ ಮಾತ್ರ ಹೊರಗೆ ಬಿಟ್ಟು, ಧ್ವನಿಯನ್ನು ಅಲ್ಲೇ ಅಳಿಸಿಬಿಡಬೇಕು ಅಂತ ವರದಿಯ ಕೊನೆ ಪುಟದಲ್ಲಿ ಬರೆದೆ. ಸರಿಯಾದ್ದು ಅದೇ. ಹಾಗೆ ಮೊದಲೇ ಮಾಡಿದ್ದಿದ್ದರೆ ಆ ಸೋಮವಾರ ನಾನು ಹಸಿರು ನೋಡಿಕೊಂಡು ಹಬ್ಬದೂಟ ಮಾಡಿ ಬಸ್ ಹತ್ತಿರುತ್ತಿದ್ದೆ.

ಅವ್ವನಿಗೆ ನಾನು ಕೇಳಿಸಿಕೊಂಡ ವಿಷಯ ಆಸ್ಪತ್ರೆಯಲ್ಲೇ ಹೇಳಿಬಿಟ್ಟೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಬ್ಯಾರೆ ಏನೇನ್ ಕೇಳ್ಸ್ಕೊಂಡೆ?" ಅಂದಳು. ಬೇರೆ ಏನೂ ಇಲ್ಲ ಅಂದೆ. ನನ್ನ ಮದುವೆ ವಿಷಯವಾಗಿ ಆ ಅಕ್ಕನ ಹತ್ತಿರ ಏನೋ ಮಾತು ನಡೆದಿತ್ತು, ಅದನ್ನೂ ಕೇಳಿಸಿಕೊಂಡಿದ್ದೆ. ಹೇಳಲಿಲ್ಲ. ಫೈಲು ಅವಳೆದುರೇ ಅಳಿಸಿದೆ.

ಈಗ ದಿನಾ ಬೆಳಿಗ್ಗೆ, ರಾತ್ರಿ ಪೀಕ್ ಫ್ಲೋ ಮೀಟರ್ ಊದಿ, ಬಂದ ಅಂಕಿಯನ್ನು ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಪುಟದಲ್ಲಿ ಬರೆದಿಡುತ್ತಾಳೆ. ಬಚ್ಚಲಿಗೆ ಅಪ್ಪ ಗೀಸರ್ ಹಾಕಿಸಿದರು, ಹಂಡೆಯೂ ಅಲ್ಲೇ ಇದೆ, ಯಾವಾಗ ಉರಿ ಹಾಕುತ್ತಾಳೋ ಹೇಳೋಕಾಗಲ್ಲ. ಪರೀಕ್ಷೆ ಮುಂದುವರಿದಿರುವುದರಿಂದ ಸೆನ್ಸರನ್ನೂ ಹಾಕಿಕೊಳ್ಳುತ್ತಾಳೆ. ಆದರೆ ಮೊನ್ನೆ ಡೇಟಾ ನೋಡುವಾಗ ದಿನಾ ಬೆಳಿಗ್ಗೆ ಆರೂವರೆಯಿಂದ ಏಳರ ತನಕ, ಸಂಜೆ ನಾಲ್ಕರಿಂದ ಐದರ ತನಕ ಖಾಲಿ. ನಮ್ಮ ಪ್ರೋಗ್ರಾಮ್ ಅದನ್ನು "ಬಳಕೆದಾರರ ನಿರ್ಲಕ್ಷ್ಯ" ಅಂತ ಗುರುತು ಹಾಕಿತ್ತು. ಫೋನ್ ಮಾಡಿ ಕೇಳಿದೆ.

"ಮೂಲೆಮನೆ ಅಕ್ಕ ಬರೋ ಹೊತ್ತು ಕಣಪ್ಪ" ಅಂದಳು. "ಕಿತ್ತು ಟೀವಿ ಮುಂದೆ ಇಟ್ಟಿರ್ತೀನಿ. ಸೀರಿಯಲ್ ಕೇಳ್ಸ್ಕಳ್ಳಿ."